ಕ್ಲಚ್ ಹಿಡಿದರೂ ಗಾಡಿ ಮುಂದಕ್ಕೆ ಎಳೆಯುತ್ತಿದೆಯೇ? ಆಫ್‌ರೋಡ್ ಬೈಕ್‌ನಲ್ಲಿ ದೋಷ ಹುಡುಕಿ ಸರಿಪಡಿಸುವ ಕ್ರಮ

ಕಲ್ಲುಬಂಡೆಗಳ ಏರಿನಲ್ಲಿ ಕ್ಲಚ್ ಲಿವರ್ ಪೂರ್ತಿ ಹಿಡಿದು ಮೊದಲ ಗೇರ್ ಹಾಕಿದೊಡನೆ ಬೈಕ್ ಮುಂದಕ್ಕೆ ಜಗ್ಗಿದರೆ, ಅಥವಾ ಎಂಜಿನ್ ಗಕ್ಕನೆ ನಿಂತರೆ, ಸವಾರ ಕಾಲೂರುವ ಮೊದಲೇ ಬಿದ್ದಿರುತ್ತಾನೆ. ಸಿಗ್ನಲ್‌ನಲ್ಲಿ ನಿಂತಾಗ ನ್ಯೂಟ್ರಲ್ ಸಿಗದೆ ಒದ್ದಾಡುವುದು, ಎಂಜಿನ್ ಆಫ್ ಮಾಡಿದ ಮೇಲೆ ಅದೇ ನ್ಯೂಟ್ರಲ್ ಸಲೀಸಾಗಿ ಬೀಳುವುದು ಇದೇ ದೋಷದ ಇನ್ನೊಂದು ಲಕ್ಷಣ. ಮೆಕ್ಯಾನಿಕ್‌ಗಳು ‘ಕ್ಲಚ್ ಬಿಡುತ್ತಿಲ್ಲ’ ಎನ್ನುವುದು ಇದನ್ನೇ. ಎಂಜಿನ್ ಜೋರಾಗಿ ತಿರುಗಿದರೂ ವೇಗ ಏರದಿದ್ದರೆ ಅದು ಕ್ಲಚ್ ಜಾರುವಿಕೆ. ಅದು ಇದಕ್ಕೆ ಪೂರ್ತಿ ವಿರುದ್ಧವಾದ ತೊಂದರೆ, ಅದರ ಪರಿಹಾರವೂ ಬೇರೆ.

ಬೆಂಗಳೂರಿನಲ್ಲಿ ಈ ದೋಷ ಹೆಚ್ಚಾಗಿ ಕಾಣಿಸಿಕೊಳ್ಳಲು ಕಾರಣವಿದೆ. ಭಾನುವಾರ ಕನಕಪುರ, ದೇವನಹಳ್ಳಿ ಕಡೆಯ ಮಣ್ಣುದಾರಿಗಳಲ್ಲಿ ಓಡುವ ಗಾಡಿಯೇ ಉಳಿದ ದಿನಗಳಲ್ಲಿ ಸಿಲ್ಕ್ ಬೋರ್ಡ್‌ನಂಥ ಜಂಕ್ಷನ್‌ಗಳಲ್ಲಿ ಅರ್ಧ ಕ್ಲಚ್ ಹಿಡಿದು ತೆವಳುತ್ತದೆ. ಅರ್ಧ ಕ್ಲಚ್‌ನಲ್ಲಿ ಪ್ಲೇಟ್‌ಗಳು ಒಂದಕ್ಕೊಂದು ಉಜ್ಜಿ ಕಾಯುತ್ತವೆ, ಕಾದ ಉಕ್ಕಿನ ಪ್ಲೇಟ್ ಕಾಲಕ್ರಮೇಣ ಸೊಟ್ಟಗಾಗುತ್ತದೆ.

ಒಳಗಿನ ಲೆಕ್ಕವನ್ನು ತಿಳಿದುಕೊಂಡರೆ ಮುಂದಿನ ಕೆಲಸ ಸುಲಭ. ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ನಲ್ಲಿ ಘರ್ಷಣಾ ಪ್ಲೇಟ್‌ಗಳೂ ಉಕ್ಕಿನ ಪ್ಲೇಟ್‌ಗಳೂ ಒಂದು ಬಿಟ್ಟು ಒಂದರಂತೆ ಜೋಡಣೆಯಾಗಿರುತ್ತವೆ. ಲಿವರ್ ಹಿಡಿದಾಗ ಇವನ್ನು ಒತ್ತಿ ಹಿಡಿದಿರುವ ಪ್ರೆಶರ್ ಪ್ಲೇಟ್ ಹಿಂದೆ ಸರಿಯುವುದು ಒಂದರಿಂದ ಎರಡು ಮಿಲಿಮೀಟರ್‌ನಷ್ಟು ಮಾತ್ರ. ಆರು ಘರ್ಷಣಾ ಪ್ಲೇಟ್‌ಗಳಿದ್ದರೆ ಹನ್ನೆರಡು ಮುಖಗಳಾದವು; ಒಂದೂವರೆ ಮಿಲಿಮೀಟರನ್ನು ಅಷ್ಟಕ್ಕೂ ಹಂಚಿದರೆ ಒಂದೊಂದು ಸಂದಿಗೆ 0.125 ಮಿ.ಮೀ. ಸಿಗುತ್ತದೆ. ಲಿವರ್‌ನಿಂದ ಪ್ಲೇಟ್‌ವರೆಗಿನ ದಾರಿಯಲ್ಲಿ ಎಲ್ಲಿ ಚೂರು ಚಲನೆ ಸೋರಿದರೂ ಈ ಸಂದಿಗಳು ಮುಚ್ಚಿಕೊಳ್ಳುತ್ತವೆ. ಆದ್ದರಿಂದ ಖರ್ಚಿಲ್ಲದ ಹೊರಗಿನ ತುದಿಯಿಂದ ಪರೀಕ್ಷೆ ಆರಂಭಿಸಿ ಒಳಕ್ಕೆ ಹೋಗಬೇಕು. ಅಳತೆಯನ್ನೇ ಮಾಡದೆ ಹೊಸ ಪ್ಲೇಟ್ ಸೆಟ್ ಹಾಕಿಸುವುದು ಹಣ ಪೋಲು ಮಾಡಿದಂತೆ.

ಯಾವಾಗ ಎಳೆಯುತ್ತದೆ ಎಂಬುದನ್ನು ಗಮನಿಸಿ

ಡಿಸೆಂಬರ್, ಜನವರಿಯ ಚಳಿ ಬೆಳಗಿನಲ್ಲಿ ಆಯಿಲ್ ಮಂದವಾಗಿ ಪ್ಲೇಟ್‌ಗಳು ಅಂಟಿಕೊಂಡಿರುತ್ತವೆ. ಮೊದಲ ಗೇರ್ ಹಾಕುವಾಗ ‘ಠಣ್’ ಎಂಬ ಸದ್ದಿನೊಂದಿಗೆ ಗಾಡಿ ತುಸು ಜಗ್ಗುವುದು ಸಹಜ. ಸ್ಟಾರ್ಟ್ ಮಾಡುವ ಮೊದಲು ಗೇರ್‌ನಲ್ಲಿಟ್ಟು, ಲಿವರ್ ಹಿಡಿದು, ಗಾಡಿಯನ್ನು ಹಿಂದೆ ಮುಂದೆ ತಳ್ಳಿದರೆ ಪ್ಲೇಟ್‌ಗಳು ಬಿಡಿಸಿಕೊಳ್ಳುತ್ತವೆ. ಎಂಜಿನ್ ಬಿಸಿಯಾದ ಮೇಲೂ ಎಳೆತ ಉಳಿದರೆ, ಅಥವಾ ಬಿಸಿಯಾದಷ್ಟೂ ಹೆಚ್ಚಾದರೆ, ಅದನ್ನು ದೋಷವೆಂದೇ ತಿಳಿಯಬೇಕು. ಖಚಿತಪಡಿಸಿಕೊಳ್ಳಲು ಎಂಜಿನ್ ಬಿಸಿ ಮಾಡಿ ಆಫ್ ಮಾಡಿ, ಸಮತಟ್ಟಾದ ನೆಲದ ಮೇಲೆ ಮೊದಲು ನ್ಯೂಟ್ರಲ್‌ನಲ್ಲಿಯೂ ಆಮೇಲೆ ಗೇರ್ ಹಾಕಿ ಕ್ಲಚ್ ಹಿಡಿದೂ ಗಾಡಿಯನ್ನು ತಳ್ಳಿ ನೋಡಿ. ಎರಡನೆಯ ಸಲ ತಳ್ಳಲು ಗಣನೀಯವಾಗಿ ಹೆಚ್ಚು ಬಲ ಬೇಕಾದರೆ ಪ್ಲೇಟ್‌ಗಳು ಬಿಡುತ್ತಿಲ್ಲ ಎಂದರ್ಥ.

ಲಿವರ್, ಕೇಬಲ್ ಮತ್ತು ಆಯಿಲ್

ಎಕ್ಸ್‌ಪಲ್ಸ್ 200, ಹಿಮಾಲಯನ್‌ನಂಥ ನಮ್ಮಲ್ಲಿ ಹೆಚ್ಚು ಓಡುವ ಗಾಡಿಗಳಲ್ಲಿ ಕ್ಲಚ್‌ಗೆ ಕೇಬಲ್ ಇರುತ್ತದೆ. ಲಿವರ್‌ನ ಸಡಿಲು (ಕೇಬಲ್ ಬಿಗಿಯಾಗುವ ಮೊದಲು ಲಿವರ್ ಖಾಲಿ ಚಲಿಸುವ ಅಂತರ) ಎಷ್ಟಿರಬೇಕು, ಅದನ್ನು ಲಿವರ್ ತುದಿಯಲ್ಲಿ ಅಳೆಯಬೇಕೋ ಬುಡದಲ್ಲೋ ಎಂಬುದನ್ನು ಆಯಾ ಗಾಡಿಯ ಕೈಪಿಡಿ ಹೇಳುತ್ತದೆ. ಸಡಿಲು ಹೆಚ್ಚಾದರೆ ಎಳೆತ ಬರುತ್ತದೆ. ಹಾಗೆಂದು ಸ್ವಲ್ಪವೂ ಸಡಿಲು ಬಿಡದೆ ಬಿಗಿದರೆ ಕ್ಲಚ್ ಜಾರಿ ಪ್ಲೇಟ್ ಸುಡುತ್ತದೆ. ಮೊದಲು ಎಂಜಿನ್ ಬಳಿಯ ಹೊಂದಾಣಿಕೆ ನಟ್ಟನ್ನು ಸರಿಪಡಿಸಿ, ಹ್ಯಾಂಡಲ್ ಬಳಿಯದನ್ನು ಕೊನೆಯ ಸಣ್ಣ ತಿದ್ದುಪಡಿಗೆಂದು ಉಳಿಸಿಕೊಳ್ಳುವುದು ಒಳ್ಳೆಯದು.

ಅನಂತರ ಕೇಬಲ್‌ನ ಎರಡೂ ತುದಿಗಳನ್ನು ಬಿಚ್ಚಿ ಒಳತಂತಿಯನ್ನು ಎಳೆದಾಡಿ. ಕರಕರ ಎಂದರೆ ಒಳಗೆ ಕೆಸರು ಸೇರಿದೆ ಅಥವಾ ತಂತಿಯ ಎಳೆಗಳು ಬಿಚ್ಚಿಕೊಂಡಿವೆ. ಎಳೆ ಬಿಚ್ಚಿದ ಕೇಬಲ್‌ಗೆ ಎಣ್ಣೆ ಬಿಟ್ಟು ದಿನ ದೂಡುವುದು ಬೇಡ, ಹೊಸದನ್ನೇ ಹಾಕಿ. ನಿಂತು ಓಡಿಸಲು ಅನುಕೂಲವಾಗಲೆಂದು ಹ್ಯಾಂಡಲ್ ಎತ್ತರಿಸುವ ರೈಸರ್ ಹಾಕಿಸಿದ್ದರಂತೂ ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ನೋಡಲೇಬೇಕು. ಉದ್ದ ಸಾಲದ ಕೇಬಲ್ ಒಂದು ಬದಿಗೆ ಬಿಗಿದುಕೊಳ್ಳುತ್ತದೆ, ಆ ಬಿಗಿತ ತಪ್ಪಿಸಲು ಯಾರೋ ಸಡಿಲು ಹೆಚ್ಚಿಸಿರುತ್ತಾರೆ, ಎಳೆತ ಅಲ್ಲಿಂದಲೇ ಶುರುವಾಗಿರುತ್ತದೆ. ಹೈಡ್ರಾಲಿಕ್ ಕ್ಲಚ್ ಇರುವ ಗಾಡಿಯಲ್ಲಾದರೆ ಪೈಪ್‌ನೊಳಗಿನ ಗಾಳಿ ತೆಗೆಯಬೇಕು. ಮಿನರಲ್ ಆಯಿಲ್ ಬಳಸುವ ವ್ಯವಸ್ಥೆಗೆ ಡಾಟ್ 4 ಬ್ರೇಕ್ ದ್ರವ ಹಾಕಿದರೆ ರಬ್ಬರ್ ಸೀಲ್‌ಗಳು ಹಾಳಾಗುತ್ತವೆ, ಮುಚ್ಚಳದ ಮೇಲಿನ ಬರಹ ಓದಿಯೇ ಹಾಕಿ.

ಆಯಿಲ್ ಹಳತಾಗಿದ್ದರೆ ಅಥವಾ ಕೈಪಿಡಿ ಹೇಳಿದ್ದಕ್ಕಿಂತ ಮಂದವಾಗಿದ್ದರೆ ಬದಲಿಸಿ. ಡಬ್ಬಿಯ ಮೇಲೆ ‘ಜಾಸೊ ಎಂಎ’ ಅಥವಾ ‘ಎಂಎ2’ ಗುರುತು (ಬೈಕ್ ಆಯಿಲ್‌ಗಳ ಜಪಾನೀ ಮಾನದಂಡ) ಇರಬೇಕು. ‘ಎಂಬಿ’ ಗುರುತಿನದು ಈ ಬಗೆಯ ಕ್ಲಚ್‌ಗೆ ತಕ್ಕದ್ದಲ್ಲ.

ಕವರ್ ತೆಗೆದ ಮೇಲೆ

ಇಷ್ಟಕ್ಕೂ ಬಗೆಹರಿಯದಿದ್ದರೆ ಮಾತ್ರ ಕ್ಲಚ್ ಕವರ್ ಬಿಚ್ಚಬೇಕು. ಆಯಿಲ್ ಇಳಿಸಿ, ಕವರ್ ಬೋಲ್ಟ್‌ಗಳನ್ನು ಅವು ಇದ್ದ ಕ್ರಮದಲ್ಲೇ ರಟ್ಟಿಗೆ ಚುಚ್ಚಿಡಿ. ಅವುಗಳ ಉದ್ದ ಒಂದೇ ಇರುವುದಿಲ್ಲ. ಸ್ಪ್ರಿಂಗ್ ಬೋಲ್ಟ್‌ಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಕೆಲವು ಸಣ್ಣ ಎಂಜಿನ್‌ಗಳಲ್ಲಿ ನಡುವಿನ ದೊಡ್ಡ ನಟ್ ತೆಗೆಯದೆ ಪ್ಲೇಟ್‌ಗಳು ಹೊರಬರುವುದಿಲ್ಲ. ಅದಕ್ಕೆ ಕ್ಲಚ್‌ನ ನಡುಭಾಗವಾದ ಹಬ್ ಹಿಡಿದುಕೊಳ್ಳುವ ವಿಶೇಷ ಉಪಕರಣ ಬೇಕು, ಇಲ್ಲದವರು ಅಷ್ಟನ್ನು ಮೆಕ್ಯಾನಿಕ್ ಕೈಯಲ್ಲಿ ಮಾಡಿಸುವುದು ಲೇಸು. ಪ್ಲೇಟ್‌ಗಳು ಬಂದ ಕ್ರಮವನ್ನು ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.

ಉಕ್ಕಿನ ಪ್ಲೇಟನ್ನು ಒರೆಸಿ ದಪ್ಪ ಗಾಜಿನ ಮೇಲಿಟ್ಟು, ಅಂಚಿನ ಸುತ್ತ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ನೋಡಿ. ಎಷ್ಟು ಸೊಟ್ಟವನ್ನು ಸಹಿಸಬಹುದೆಂಬ ಮಿತಿ ಸರ್ವೀಸ್ ಕೈಪಿಡಿಯಲ್ಲಿರುತ್ತದೆ. ಅದು ಮಿಲಿಮೀಟರ್‌ನ ಹತ್ತನೇ ಭಾಗಗಳ ಲೆಕ್ಕದ್ದು. 0.3 ಮಿ.ಮೀ. ಎದ್ದಿರುವ ಒಂದೇ ಪ್ಲೇಟ್ ಎರಡು ಸಂದಿಗಳ ಜಾಗಕ್ಕಿಂತ ಹೆಚ್ಚನ್ನು ನುಂಗುತ್ತದೆ. ನೀಲಿಗಟ್ಟಿದ ಪ್ಲೇಟ್ ವಿಪರೀತ ಕಾದಿರುವುದರಿಂದ ಅದನ್ನು ವಿಶೇಷವಾಗಿ ಅನುಮಾನಿಸಿ.

ಬಹಳ ಜನ ನೋಡದೆ ಬಿಡುವುದು ಪ್ಲೇಟ್‌ಗಳು ಕೂರುವ ಬುಟ್ಟಿಯಂಥ ಕ್ಲಚ್ ಬಾಸ್ಕೆಟ್ಟನ್ನು. ಘರ್ಷಣಾ ಪ್ಲೇಟ್‌ನ ಕಿವಿಗಳು ಅಲ್ಯೂಮಿನಿಯಂ ಬಾಸ್ಕೆಟ್‌ನ ಬೆರಳುಗಳಿಗೆ ಸದಾ ಬಡಿದು ಅಲ್ಲಿ ಕಚ್ಚು ಬೀಳುತ್ತದೆ. ಉಗುರನ್ನು ಬೆರಳಿನ ಅಂಚಿನುದ್ದಕ್ಕೂ ಎಳೆದರೆ ಒಂದೊಂದು ಪ್ಲೇಟ್ ಇದ್ದಲ್ಲಿಯೂ ಮೆಟ್ಟಿಲಿನಂತೆ ತಗ್ಗು ತಾಗುತ್ತದೆ. ಪ್ಲೇಟ್‌ಗಳು ಆ ಕಚ್ಚಿನಲ್ಲಿ ಸಿಕ್ಕಿಕೊಂಡರೆ ಎಷ್ಟೇ ಹೊಸದಾಗಿದ್ದರೂ ಸರಿಯುವುದಿಲ್ಲ. ತೆಳುವಾದ ಕಚ್ಚನ್ನು ನಯವಾದ ಚಪ್ಪಟೆ ಅರದಿಂದ, ಅಂಚು ಓರೆಯಾಗದಂತೆ ಉಜ್ಜಿ ಸಮ ಮಾಡಬಹುದು. ಉದುರಿದ ಲೋಹದ ಪುಡಿ ಎಂಜಿನ್‌ನೊಳಕ್ಕೆ ಬೀಳದಂತೆ ಬಟ್ಟೆ ತುರುಕಿರಬೇಕು. ಕಚ್ಚು ಆಳವಾಗಿದ್ದರೆ ಬಾಸ್ಕೆಟ್ ಬದಲಿಸುವುದೊಂದೇ ದಾರಿ. ಇದೇ ಸಂದರ್ಭದಲ್ಲಿ ಪ್ರೆಶರ್ ಪ್ಲೇಟನ್ನು ಸರಿಸುವ ಕಡ್ಡಿಯಾದ ಪುಶ್‌ರಾಡ್ ಬಾಗಿದೆಯೇ, ಅದರ ತುದಿ ಸವೆದಿದೆಯೇ, ಬೇರಿಂಗ್ ನಯವಾಗಿ ತಿರುಗುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ.

ಜೆ.ಸಿ. ರಸ್ತೆಯ ಅಂಗಡಿಗಳಿಗೆ ಪ್ಲೇಟ್ ತರಲು ಹೋಗುವಾಗ ಹಳೆಯದನ್ನು ಜೊತೆಗೊಯ್ದು, ಕೈಪಿಡಿಯಲ್ಲಿರುವ ದಪ್ಪಕ್ಕೆ ಹೊಸದು ಹೊಂದುತ್ತದೆಯೇ ಎಂದು ಕ್ಯಾಲಿಪರ್‌ನಿಂದ ಅಳೆಯಿರಿ. ಹೆಚ್ಚು ದಪ್ಪದ ಪ್ಲೇಟ್‌ಗಳ ಸೆಟ್ ಹಾಕಿದರೆ ಸಂದಿಗಳು ಕಿರಿದಾಗಿ ಎಳೆತ ಮರಳಿ ಬರುತ್ತದೆ.

ಹೊಸ ಘರ್ಷಣಾ ಪ್ಲೇಟ್‌ಗಳನ್ನು ಜೋಡಿಸುವ ಮೊದಲು ಎಂಜಿನ್ ಆಯಿಲ್‌ನಲ್ಲಿ ಚೆನ್ನಾಗಿ ನೆನೆಹಾಕಿ. ಸ್ಪ್ರಿಂಗ್ ಬೋಲ್ಟ್‌ಗಳನ್ನು ಮತ್ತೆ ಎದುರುಬದುರಾಗಿ, ಕೈಪಿಡಿ ಹೇಳಿದ ಟಾರ್ಕ್‌ಗೆ (ತಿರುಚು ಬಲಕ್ಕೆ) ಬಿಗಿಯಿರಿ; ಇವು ಸಣ್ಣ ಬೋಲ್ಟ್‌ಗಳಾದ್ದರಿಂದ ಉದ್ದ ಸ್ಪ್ಯಾನರ್‌ನ ಬಲ ಬಿದ್ದರೆ ಮುರಿಯುತ್ತವೆ. ಹೊಸ ಗ್ಯಾಸ್ಕೆಟ್ ಹಾಕಿ, ಆಯಿಲ್ ತುಂಬಿ, ಕೇಬಲ್‌ನ ಸಡಿಲನ್ನು ಮೊದಲಿನಿಂದ ಹೊಂದಿಸಿ. ಬಿಸಿ ಎಂಜಿನ್‌ನಲ್ಲಿ ಎರಡನೇ ಗೇರ್‌ನಿಂದ ನ್ಯೂಟ್ರಲ್ ಒಂದೇ ಒತ್ತಿಗೆ ಬಿದ್ದರೆ ಕ್ಲಚ್ ಬಿಡುತ್ತಿದೆ ಎಂದು ನಂಬಬಹುದು. ಹೊಸ ಪ್ಲೇಟ್ ಮತ್ತು ಕೇಬಲ್ ಹೊಂದಿಕೊಳ್ಳುವಾಗ ಅಳತೆ ಬದಲಾಗುವುದರಿಂದ, ಮೊದಲ ಕೆಲವು ಓಡಾಟಗಳಾದ ಮೇಲೆ ಲಿವರ್‌ನ ಸಡಿಲನ್ನು ಇನ್ನೊಮ್ಮೆ ಅಳೆದು ಸರಿಪಡಿಸಿ.