ಪ್ಯಾಂಕ್ರಿಯಾಸ್ ಸಿಸ್ಟ್‌ಗೆ ಗ್ಲೂಕೋಮೀಟರ್ ಹಿಡಿದ ಅನುಭವ

ಪ್ಯಾಂಕ್ರಿಯಾಸ್‌ನ (ಮೇದೋಜೀರಕ ಗ್ರಂಥಿಯ) ಸಿಸ್ಟ್, ಅಂದರೆ ದ್ರವ ತುಂಬಿದ ಚೀಲದಿಂದ ತೆಗೆದ ದ್ರವವನ್ನು ಗ್ಲೂಕೋಮೀಟರ್ ಸ್ಟ್ರಿಪ್‌ಗೆ ಹಾಕಿ ನೋಡೋಣ ಎಂದಾಗ ವಿಭಾಗದಲ್ಲಿ ನಕ್ಕವರೇ ಹೆಚ್ಚು. "ಅದು ಬೆರಳ ತುದಿಯ ರಕ್ತಕ್ಕೆ ಮಾಡಿದ ಯಂತ್ರ ಕಣ್ರೀ" ಎಂದರು ಲ್ಯಾಬ್‌ನವರು. ಮಾತು ಸರಿಯೇ. ಆದರೂ ಕೆಲವು ವರ್ಷಗಳಿಂದ ಇಯುಎಸ್ (ಎಂಡೋಸ್ಕೋಪ್ ತುದಿಯಿಂದ ಮಾಡುವ ಅಲ್ಟ್ರಾಸೌಂಡ್) ಕೋಣೆಯಲ್ಲಿ ಅದನ್ನೇ ನೆಚ್ಚಿಕೊಂಡಿದ್ದೇನೆ. ಈಗ ಲ್ಯಾಬ್‌ನವರದೂ ತಕರಾರಿಲ್ಲ.

ಕಿಡ್ನಿ ಕಲ್ಲಿಗೋ ಬೆನ್ನುನೋವಿಗೋ ಮಾಡಿಸಿದ ಸ್ಕ್ಯಾನ್‌ನಲ್ಲಿ ಸಿಸ್ಟ್ ಕಂಡು, ಕ್ಯಾನ್ಸರೇ ಎಂದುಕೊಂಡು ಬರುವವರೇ ಬಹಳ. ಎಂಆರ್‌ಸಿಪಿ (ಪಿತ್ತ ಮತ್ತು ಪ್ಯಾಂಕ್ರಿಯಾಸ್ ನಾಳಗಳ ಎಂಆರ್‌ಐ) ಆದಮೇಲೆ ಇವರಲ್ಲಿ ಬಹುಪಾಲು ಜನರಿಗೆ ಸೂಜಿಯೇ ಬೇಡ. ಪ್ಯಾಂಕ್ರಿಯಾಸ್‌ನ ನಾಳಕ್ಕೆ ಕೂಡಿಕೊಂಡ ಸಣ್ಣ ಐಪಿಎಂಎನ್ (ನಾಳದ ಒಳಪದರದಿಂದ ಬೆಳೆಯುವ, ಲೋಳೆ ಸ್ರವಿಸುವ ಸಿಸ್ಟ್), ಮುಖ್ಯ ನಾಳ 5 ಮಿ.ಮೀ.ಗಿಂತ ಕಡಿಮೆ, ಒಳಗೆ ಗಂಟಿಲ್ಲ, ಕಾಮಾಲೆಯಿಲ್ಲ ಅಂದರೆ ಕಾಯುವುದೇ ಕೆಲಸ. ತಲೆನೋವು ಇರುವುದು ನಾಳಕ್ಕೆ ಸಂಪರ್ಕವೇ ಕಾಣದ, ಒಂದೇ ಕೋಣೆಯ, 3 ಸೆಂ.ಮೀ. ಆಸುಪಾಸಿನವುಗಳಲ್ಲಿ. ಸೀರಸ್ (ತಿಳಿ ದ್ರವದ, ಸಾಮಾನ್ಯವಾಗಿ ನಿರಪಾಯದ್ದು) ಆದರೆ ಬಿಟ್ಟುಬಿಡಬಹುದು, ಮ್ಯೂಸಿನಸ್ (ಲೋಳೆ ದ್ರವದ, ಮುಂದೆ ಕ್ಯಾನ್ಸರ್ ಆಗಬಲ್ಲದ್ದು) ಆದರೆ ಬಿಡುವಂತಿಲ್ಲ.

ಇದನ್ನು ಬೇರ್ಪಡಿಸಲು ಸಿಸ್ಟ್ ದ್ರವದಲ್ಲಿ ಅಳೆಯುವ ಸಿಇಎ ಎಂಬ ಪ್ರೋಟೀನ್ ನನ್ನನ್ನು ಎಷ್ಟು ಸಲ ಕೈಬಿಟ್ಟಿದೆಯೋ ಲೆಕ್ಕವಿಲ್ಲ. 2004ರ ಅಧ್ಯಯನದಿಂದ ಬಂದ 192ರ ಗೆರೆ (ಮಿ.ಲೀ.ಗೆ ನ್ಯಾನೋಗ್ರಾಂ; ಅದರ ಮೇಲಾದರೆ ಮ್ಯೂಸಿನಸ್) ನಮಗೆಲ್ಲ ಬಾಯಿಪಾಠ. ಆದರೆ ನನಗೆ ಬರುತ್ತಿದ್ದ ಉತ್ತರ 60, 110, ಇಲ್ಲವೇ "ಮಾದರಿ ಸಾಲದು". ದ್ರವದ ಜೀವಕೋಶಗಳನ್ನು ನೋಡುವ ಸೈಟಾಲಜಿಯದೂ ಅದೇ ಗೋಳು: ಜೀವಕೋಶಗಳೇ ಇಲ್ಲ ಎಂಬ ವರದಿಗೂ ರೋಗಿ ಪೂರ್ತಿ ದುಡ್ಡು ಕೊಟ್ಟಿರುತ್ತಾನೆ. ಬೆರಳುಗಳ ನಡುವೆ ದ್ರವ ಎಳೆದು ನೋಡುವ ಸ್ಟ್ರಿಂಗ್ ಸೈನ್ ಬಿಟ್ಟಿ ಪರೀಕ್ಷೆ, ನಿಜ. ಆದರೆ ಎಳೆಯುವ ಕೈ ಬದಲಾದರೆ ಫಲಿತಾಂಶವೂ ಬದಲು. ಸೂಜಿಯೊಳಗಿಂದ ಹೋಗಿ ಸಿಸ್ಟ್ ಗೋಡೆಯ ತುಣುಕು ಕೀಳುವ ಮೈಕ್ರೋಫೋರ್ಸೆಪ್ಸ್ ಎಂಬ ಪುಟ್ಟ ಇಕ್ಕಳ ಕೂಡ ಹಿಡಿದು ನೋಡಿದೆ. ತುಣುಕು ಚೆನ್ನಾಗಿಯೇ ಸಿಗುತ್ತದೆ. ಆದರೆ ಆಮೇಲೆ ಪ್ಯಾಂಕ್ರಿಯಾಟೈಟಿಸ್ (ಪ್ಯಾಂಕ್ರಿಯಾಸ್ ಉರಿಯೂತ) ಆಗಿ ವಾರ್ಡ್ ಸೇರಿದವರ ಬಿಲ್ ನೋಡಿದ ಮೇಲೆ ಅದನ್ನು ಅಪರೂಪಕ್ಕೆ ಎತ್ತಿಟ್ಟೆ. ಒಂದು ಫೋರ್ಸೆಪ್ಸ್ ದುಡ್ಡಿಗೆ ಎಷ್ಟು ಡಬ್ಬಿ ಸ್ಟ್ರಿಪ್ ಬರುತ್ತವೆ ಅಂತ ಸ್ಟೋರ್‌ನವರನ್ನು ಕೇಳಿ ನೋಡಿ.

ನಾನು ಮಾಡುವುದಿಷ್ಟು. 22 ಗೇಜ್ ಸೂಜಿ, ಒಂದೇ ಚುಚ್ಚು, ಆದಷ್ಟು ಖಾಲಿ ಮಾಡುವುದು. ರಕ್ತ ಬೆರೆತ ಮೊದಲ ಹನಿಗಳು ಸ್ಟ್ರಿಪ್‌ಗಲ್ಲ. ಅನಂತರದ ಹನಿಯನ್ನು ಅಲ್ಲೇ, ಆಗಲೇ ಓದುವುದು. ಅದೇ ನಿಮಿಷಕ್ಕೆ ಬೆರಳಿನ ರಕ್ತದ ಸಕ್ಕರೆಯನ್ನೂ ಬರೆದಿಡುವುದು. ಸಿಸ್ಟ್ ದ್ರವದ ಸಕ್ಕರೆ 50ರ (ಡೆ.ಲೀ.ಗೆ ಮಿ.ಗ್ರಾಂ.) ಕೆಳಗೆ ಬಂದರೆ ಮ್ಯೂಸಿನಸ್ ಕಡೆ ವಾಲುತ್ತೇನೆ. ಎಷ್ಟೋ ಸಲ 20ಕ್ಕೂ ಕೆಳಗಿಳಿದು ಮೀಟರ್ "ಲೋ" ಅಂದುಬಿಡುತ್ತದೆ. ಸೀರಸ್ ಸಾಮಾನ್ಯವಾಗಿ ರಕ್ತದ ಅಂಕಿಯ ಹತ್ತಿರ ನಿಲ್ಲುತ್ತದೆ. ಮಧುಮೇಹಿಗಳಲ್ಲಿ ಲೆಕ್ಕ ತಪ್ಪುತ್ತದೆ ಎಂದು ಹೆದರಿಸಿದ್ದರು. ರಕ್ತದಲ್ಲಿ 250 ಇದ್ದವರ ಮ್ಯೂಸಿನಸ್ ಸಿಸ್ಟ್‌ನಲ್ಲೂ ನನಗೆ ಕಡಿಮೆಯೇ ಬಂದಿದೆ.

ದ್ರವ ಅಂಟಾಗಿದ್ದರೆ ಸ್ಟ್ರಿಪ್ ಹೀರುವುದಿಲ್ಲ, ಬರೀ ಎರರ್. ಅದಕ್ಕೆ ಒಂದು ಕೈಚಳಕ ಕಂಡುಕೊಂಡಿದ್ದೇನೆ. ನನ್ನ ಫೆಲೋಗಳಿಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಸಲೈನ್ ಬೆರೆಸುವುದಂತೂ ಅಲ್ಲ. ಅದನ್ನೂ ನೋಡಿಯಾಗಿದೆ: ಬೆರೆಸಿದರೆ ಎಲ್ಲವೂ "ಲೋ" ಕಡೆಗೇ ಜಾರುತ್ತವೆ. ಇನ್ನೊಂದು ಹುಚ್ಚು ಪ್ರಯೋಗವೂ ಆಯಿತು. ಒಂದೇ ದ್ರವವನ್ನು ಸಾಮಾನ್ಯ ಟ್ಯೂಬ್‌ನಲ್ಲೂ, ಸಕ್ಕರೆ ಖರ್ಚಾಗದಂತೆ ತಡೆಯುವ ಫ್ಲೋರೈಡ್ ಟ್ಯೂಬ್‌ನಲ್ಲೂ ಇಟ್ಟು ಸಂಜೆವರೆಗೆ ಓದುತ್ತ ಕೂತೆ. ರಕ್ತ ಬೆರೆತ ಮಾದರಿ ಸಾಮಾನ್ಯ ಟ್ಯೂಬ್‌ನಲ್ಲಿ ಗಂಟೆಗಂಟೆಗೂ ಇಳಿಯಿತು; ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವಲ್ಲ. ಲ್ಯಾಬ್‌ಗೂ ಕಳಿಸುವುದಾದರೆ ಫ್ಲೋರೈಡೇ ಸರಿ.

ಮೀಟರ್ ಒಂದನ್ನೇ ನಂಬಿ ಕೂರುವಂತಿಲ್ಲ. ಸ್ಯೂಡೋಸಿಸ್ಟ್‌ನಲ್ಲೂ (ಪ್ಯಾಂಕ್ರಿಯಾಸ್ ಉರಿಯೂತದ ನಂತರ ಉಳಿಯುವ ದ್ರವದ ಚೀಲ) ಸಕ್ಕರೆ ಕಡಿಮೆ ಬರಬಹುದು. ಆದ್ದರಿಂದ ಉಳಿದ ದ್ರವ ಮೊದಲು ಅಮೈಲೇಸ್ (ಪ್ಯಾಂಕ್ರಿಯಾಸ್‌ನ ಜೀರ್ಣರಸದ ಕಿಣ್ವ) ಪರೀಕ್ಷೆಗೆ. ಅದು ಲೀಟರ್‌ಗೆ 250 ಯೂನಿಟ್‌ಗಿಂತ ಕಡಿಮೆ ಬಂದರೆ ಸ್ಯೂಡೋಸಿಸ್ಟ್ ಹೆಚ್ಚುಕಡಿಮೆ ಹೊರಗೆ. ಸಕ್ಕರೆ ಹೆಚ್ಚು ಬಂದ ಮಾತ್ರಕ್ಕೆ ಸೀರಸ್ ಅಂತಲೂ ಅಲ್ಲ, ಸಿಸ್ಟಿಕ್ ನ್ಯೂರೋಎಂಡೋಕ್ರೈನ್ ಗೆಡ್ಡೆಯೂ (ಹಾರ್ಮೋನ್ ಕೋಶಗಳ ಗೆಡ್ಡೆ) ಹಾಗೇ ತೋರಿಸಬಹುದು. ಅದನ್ನು ಗುರುತಿಸಲು, ರಕ್ತನಾಳಕ್ಕೆ ಕೊಟ್ಟ ಕಾಂಟ್ರಾಸ್ಟ್ ಔಷಧವನ್ನು ಗೋಡೆ ಹಿಡಿಯುತ್ತದೆಯೇ ನೋಡಬೇಕು. ಕ್ಯಾನ್ಸರ್ ಆಗಿದೆಯೋ ಇಲ್ಲವೋ ಎಂಬುದನ್ನಂತೂ ಸಕ್ಕರೆ ಹೇಳುವುದೇ ಇಲ್ಲ. ಅದಕ್ಕೆ ಗಂಟು, ನಾಳದ ಅಗಲ, ಕಾಮಾಲೆ ಇವನ್ನೇ ನೋಡಬೇಕು. ಗಂಟಿನಂತೆ ಕಂಡದ್ದು ಮ್ಯೂಕಸ್ ಮುದ್ದೆಯೂ ಆಗಿರಬಹುದು. ಕಾಂಟ್ರಾಸ್ಟ್ ಕೊಟ್ಟರೆ ಅದು ಬೆಳಗುವುದಿಲ್ಲ. ಆಪರೇಷನ್‌ಗೆ ಹೊರಟಿದ್ದ ಕೆಲವರನ್ನು ಅಷ್ಟರಿಂದಲೇ ವಾಪಸ್ ಕರೆಸಿದ್ದೇನೆ.

ಫಾಲೋಅಪ್‌ನಲ್ಲಿ ನನ್ನ ಹಟ ಒಂದೇ: ಹೊಸ ಚಿತ್ರವನ್ನು ಹಿಂದಿನದಕ್ಕಲ್ಲ, ಅತಿ ಹಳೆಯದಕ್ಕೆ ಹೋಲಿಸಿ, ಅದೇ ಸೀಕ್ವೆನ್ಸ್‌ನಲ್ಲಿ (ಎಂಆರ್‌ಐ ಚಿತ್ರ ತೆಗೆಯುವ ಅದೇ ಬಗೆಯಲ್ಲಿ) ಅಳೆಯಬೇಕು. ಪ್ರತಿ ಸಲ ಒಂದೊಂದು ಮಿ.ಮೀ. ಬೆಳೆದರೆ "ಬದಲಾವಣೆ ಇಲ್ಲ" ಎಂಬ ವರದಿಗಳೇ ಸಾಲಾಗಿ ಬರುತ್ತವೆ. ಐಪಿಎಂಎನ್ ಕುರಿತ ಅಂತರರಾಷ್ಟ್ರೀಯ ಕ್ಯೋಟೋ ಮಾರ್ಗಸೂಚಿ ವರ್ಷಕ್ಕೆ 2.5 ಮಿ.ಮೀ. ಬೆಳವಣಿಗೆಗೇ ಎಚ್ಚರಿಸುತ್ತದೆ. ಕಾಂಟ್ರಾಸ್ಟ್ ಇಲ್ಲದ ಚುಟುಕು ಎಂಆರ್‌ಐ ಮಾಡಿಸಿದರೆ ರೋಗಿಯ ಜೇಬಿಗೂ ಭಾರ ಕಡಿಮೆ, ಅವರು ತಪ್ಪದೆ ಬರುತ್ತಾರೆ. 2 ಸೆಂ.ಮೀ.ಗಿಂತ ಸಣ್ಣ ಐಪಿಎಂಎನ್ 5 ವರ್ಷ ಅಲುಗಾಡದಿದ್ದರೆ ಫಾಲೋಅಪ್ ನಿಲ್ಲಿಸುವುದೂ ಒಂದು ದಾರಿ ಎಂದು ಅದೇ ಮಾರ್ಗಸೂಚಿಯಲ್ಲಿದೆ. ಆಪರೇಷನ್ ತಡೆಯದ ದೇಹದವರಿಗೆ ನಾನು ಅದಕ್ಕೂ ಮೊದಲೇ ನಿಲ್ಲಿಸುತ್ತೇನೆ. ಮನೆಯಲ್ಲಿ ಯಾರಿಗಾದರೂ ಪ್ಯಾಂಕ್ರಿಯಾಸ್ ಕ್ಯಾನ್ಸರ್ ಆಗಿದ್ದರೆ ಅಂಥವರನ್ನು ಮಾತ್ರ ಬಿಡುವುದಿಲ್ಲ.