ಪರ್ತ್‌ನಲ್ಲಿ ಕಟ್ಟಿದ ಜಿಎಸ್‌ಟಿ ಡಾರ್ವಿನ್‌ಗೇಕೆ ಹೋಗುತ್ತದೆ?

ಕುಂದಾಪುರದಲ್ಲಿ ಎದೆನೋವು ಬಂದವರನ್ನು ಆಂಬುಲೆನ್ಸ್‌ನಲ್ಲಿ ಮಣಿಪಾಲಕ್ಕೆ ಒಯ್ಯಬಹುದು. ವೆಸ್ಟರ್ನ್ ಆಸ್ಟ್ರೇಲಿಯಾದ ಬ್ರೂಮ್ ಊರಿನಿಂದ ಆ ರಾಜ್ಯದ ರಾಜಧಾನಿ ಪರ್ತ್‌ಗೆ ರಸ್ತೆಯಲ್ಲಿ 2,200 ಕಿ.ಮೀ.ಗೂ ಹೆಚ್ಚು, ಗಂಭೀರ ರೋಗಿಗೆ ವಿಮಾನವೇ ಗತಿ. ಉಡುಪಿ, ಮಂಗಳೂರು ಬಿಟ್ಟು ಆಸ್ಟ್ರೇಲಿಯಾದಲ್ಲಿ ನೆಲೆಸಿದವರಿಗೆ ಅಲ್ಲಿನ ಅನುದಾನದ ಲೆಕ್ಕ ಅರ್ಥವಾಗಬೇಕಾದರೆ ಮೊದಲು ಈ ದೂರ ತಲೆಗೆ ಹತ್ತಬೇಕು.

ಅಲ್ಲಿ ಶೇ 10ರ ಜಿಎಸ್‌ಟಿಯನ್ನು ಕೇಂದ್ರವೇ ವಸೂಲು ಮಾಡಿ ರಾಜ್ಯಗಳಿಗೆ ಹಂಚುತ್ತದೆ. ಬಿಲ್ ಯಾವ ಊರಲ್ಲಿ ಆಯಿತೆಂಬುದು ಲೆಕ್ಕಕ್ಕಿಲ್ಲ. ಯಾರಿಗೆಷ್ಟು ಪಾಲೆಂದು ಲೆಕ್ಕ ಹಾಕಿ ಶಿಫಾರಸು ಮಾಡುವ, 1933ರಿಂದ ಇರುವ ಕಾಮನ್‌ವೆಲ್ತ್ ಗ್ರಾಂಟ್ಸ್ ಕಮಿಷನ್ ನೋಡುವುದು ಎರಡನ್ನು: ಸರಾಸರಿ ದರದಲ್ಲಿ ತೆರಿಗೆ ಹಾಕಿದರೆ ಈ ರಾಜ್ಯಕ್ಕೆ ಎಷ್ಟು ಬರುತ್ತದೆ, ಸರಾಸರಿ ಮಟ್ಟದ ಶಾಲೆ, ಆಸ್ಪತ್ರೆ, ಪೊಲೀಸ್ ನಡೆಸಲು ಎಷ್ಟು ಬೇಕು. ಇವುಗಳಿಂದ ಪ್ರತಿ ರಾಜ್ಯಕ್ಕೊಂದು ಗುಣಾಂಕ ಹುಟ್ಟುತ್ತದೆ. 0.75 ಎಂದರೆ, ದೇಶದ ಸರಾಸರಿ ತಲೆಗೆ 100 ಡಾಲರ್ ಇದ್ದರೆ ಆ ರಾಜ್ಯಕ್ಕೆ ಸುಮಾರು 75. ಡಾರ್ವಿನ್ ಇರುವ ನಾರ್ದರ್ನ್ ಟೆರಿಟರಿಗೆ 2024-25ರಲ್ಲಿ ಸಿಕ್ಕಿದ್ದು 5ಕ್ಕಿಂತ ಹೆಚ್ಚು.

ನಮ್ಮ 15ನೇ ಹಣಕಾಸು ಆಯೋಗ ರಾಜ್ಯದ ವಿಸ್ತೀರ್ಣಕ್ಕೇ ಶೇ 15 ತೂಕ ಕೊಟ್ಟಿತ್ತು. ಅಲ್ಲಿ ಹಾಗಲ್ಲ. ಖಾಲಿ ಮರುಭೂಮಿಗೆ ಅಂಕವಿಲ್ಲ. ಜನ ಪಟ್ಟಣದಿಂದ ಎಷ್ಟು ದೂರ ಬದುಕುತ್ತಾರೆ ಎಂಬುದಕ್ಕೆ ಇದೆ. ದೂರದೂರಿನ ಶಿಕ್ಷಕರಿಗೆ, ದಾದಿಯರಿಗೆ ಭತ್ಯೆ, ಮನೆ, ಸಾಗಾಟ ಎಲ್ಲವೂ ದುಬಾರಿ. ಟೆರಿಟರಿಯ ವಿಷಯದಲ್ಲಿ ಮೂಲನಿವಾಸಿಗಳ ಆರೋಗ್ಯ, ಶಿಕ್ಷಣದ ಅಗತ್ಯವೂ ದೊಡ್ಡ ಪಾಲು. ಇದು ನ್ಯಾಯವಾದ ಲೆಕ್ಕವೆಂದೇ ನಮ್ಮ ಅಭಿಪ್ರಾಯ.

ಎಡವಟ್ಟಾಗುವುದು ಕಾಲದಲ್ಲಿ. ಗುಣಾಂಕ ಹಿಂದಿನ ಮೂರು ವರ್ಷಗಳ ಸರಾಸರಿ, ಅದೂ ಹಳೆಯ ಅಂಕಿಗಳದ್ದು. 2015-16ಕ್ಕೆ ಹಿಡಿದದ್ದು 2011-12ರಿಂದ 2013-14ರವರೆಗಿನ ವರ್ಷಗಳನ್ನು. ಆಗ ವೆಸ್ಟರ್ನ್ ಆಸ್ಟ್ರೇಲಿಯಾಕ್ಕೆ ಕಬ್ಬಿಣದ ಅದಿರಿನ ರಾಯಲ್ಟಿ ಜೋರಾಗಿತ್ತು, ಸ್ವಂತ ಆದಾಯ ಹೆಚ್ಚಿದಷ್ಟೂ ಜಿಎಸ್‌ಟಿ ಪಾಲು ಇಳಿಯುತ್ತದೆ. ಹಣ ಕೈಸೇರುವ ಹೊತ್ತಿಗೆ ಅದಿರಿನ ಬೆಲೆ ಕುಸಿದಿತ್ತು, ವೆಸ್ಟರ್ನ್ ಆಸ್ಟ್ರೇಲಿಯಾದ ಗುಣಾಂಕ 0.30ಕ್ಕೆ ಇಳಿದಿತ್ತು. ಇದರ ಬಗ್ಗೆ ಎದ್ದ ಜಗಳದಿಂದಲೇ 2018ರ ಕಾಯ್ದೆ ಬಂತು: 2022-23ರಿಂದ 0.70ಕ್ಕಿಂತ, 2024-25ರಿಂದ 0.75ಕ್ಕಿಂತ ಯಾರಿಗೂ ಕಡಿಮೆಯಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯಿದೆ. ದೂರದ ಲೆಕ್ಕದಲ್ಲಿ ಬಂದ ಹಣವನ್ನು ದೂರದ ಊರಿಗೇ ಖರ್ಚು ಮಾಡಬೇಕೆಂಬ ಷರತ್ತಿಲ್ಲ. ನಿಮ್ಮೂರಿನ ಕ್ಲಿನಿಕ್ ಮುಚ್ಚಿದರೆ ಕಮಿಷನ್‌ಗೆ ಬರೆದು ಫಲವಿಲ್ಲ. ರಾಜ್ಯ ಬಜೆಟ್ ತೆಗೆದು ನಿಮ್ಮ ಶಾಸಕರನ್ನು ಕೇಳಿ. ರಾಜ್ಯಕ್ಕೆ ಎಷ್ಟು ಬಂತೆಂಬುದು ಕೇಂದ್ರದ ಮೂರನೇ ಬಜೆಟ್ ಪುಸ್ತಕದಲ್ಲಿ (ಬಜೆಟ್ ಪೇಪರ್ ನಂ. 3) ಇರುತ್ತದೆ. ಊರ ಕೌನ್ಸಿಲ್‌ನ ರಸ್ತೆ ಅನುದಾನ ಬೇರೆಯೇ ಬಾಬತ್ತು. ಅದನ್ನು ಹಂಚುವುದು ಆಯಾ ರಾಜ್ಯದ ಗ್ರಾಂಟ್ಸ್ ಕಮಿಷನ್.