ವೃತ್ತಿ ಶಿಕ್ಷಣ ಸಂಶೋಧನಾ ಸಮ್ಮೇಳನಕ್ಕೆ ಹೊರಡುವವರಿಗೆ

ಮೊದಲು ಕೇಳುಗರು ಯಾರೆಂದು ತಿಳಿದುಕೊಳ್ಳಿ. ಐರೋಪ್ಯ ಶಿಕ್ಷಣ ಸಂಶೋಧನಾ ಸಮ್ಮೇಳನ ವಿಷಯವಾರು ಜಾಲಗಳಾಗಿ ಹಂಚಿಕೊಂಡಿದೆ; ಅದರ 2ನೇ ಜಾಲವಾದ ವೆಟ್‌ನೆಟ್ ವೃತ್ತಿ ಶಿಕ್ಷಣ, ತರಬೇತಿಯದು. ಅಲ್ಲಿ ಬಹುಪಾಲು ಸಂಶೋಧಕರೇ ಇರುವುದರಿಂದ ಪ್ರಶ್ನೆಗಳು ಸಿದ್ಧಾಂತ, ವಿಧಾನಗಳ ಮೇಲೆ ಬೀಳುತ್ತವೆ. ಆಸ್ಟ್ರೇಲಿಯಾದ ರಾಷ್ಟ್ರೀಯ ವೃತ್ತಿ ಶಿಕ್ಷಣ ಸಂಶೋಧನಾ ಕೇಂದ್ರ (ಎನ್‌ಸಿವಿಇಆರ್) ನಡೆಸುವ ‘ನೋ ಫ್ರಿಲ್ಸ್’ ಸಮ್ಮೇಳನದಲ್ಲಿ ತರಬೇತುದಾರರು, ನೀತಿ ರೂಪಿಸುವವರೂ ಕೂತಿರುತ್ತಾರೆ. ‘ಇದರಿಂದ ನಮ್ಮ ವರ್ಕ್‌ಶಾಪಿನಲ್ಲಿ ಏನು ಬದಲಾಗಬೇಕು?’ ಎಂಬುದು ಅವರ ಪ್ರಶ್ನೆ.

ಐರೋಪ್ಯ ಸಮ್ಮೇಳನ ನಡೆಯುವುದು ಆಗಸ್ಟ್–ಸೆಪ್ಟೆಂಬರಿನಲ್ಲಾದರೂ ಸಾರಾಂಶ ಕಳಿಸುವ ಗಡುವು ಸಾಮಾನ್ಯವಾಗಿ ಜನವರಿ ಕೊನೆಗೇ ಮುಗಿದಿರುತ್ತದೆ. ಸಾರಾಂಶ ತಿರಸ್ಕೃತವಾಗಲು ದೊಡ್ಡ ಕಾರಣ, ಅದು ತರಬೇತಿ ಯೋಜನೆಯೊಂದರ ವರದಿಯಂತೆ ಇರುವುದು. ಸಂಶೋಧನಾ ಪ್ರಶ್ನೆ, ಎಷ್ಟು ಜನ, ಯಾವ ಕಸುಬು, ಮಾಹಿತಿ ಕಲೆಹಾಕಿದ ಬಗೆ, ಇಷ್ಟೂ ಇರಲಿ. ಇನ್ನೂ ಕೈಗೆ ಬಾರದ ಫಲಿತಾಂಶವನ್ನು ಬಂದಿದೆ ಎನ್ನಬೇಡಿ.

ಈ ಕ್ಷೇತ್ರದಲ್ಲಿ ಮಂಡನೆ ಕೆಡುವುದು ಬಹುತೇಕ ಪದಗಳಿಂದ. ‘ಅಪ್ರೆಂಟಿಸ್’ ಎಂದರೆ ಜರ್ಮನಿಯವರ ಕಣ್ಣಿಗೆ ಕಾಣುವುದು ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು, ವಾರದಲ್ಲಿ ಒಂದೆರಡು ದಿನ ವೃತ್ತಿಶಾಲೆಗೆ ಹೋಗುತ್ತಾ, ಹೆಚ್ಚಾಗಿ 3 ಅಥವಾ 3.5 ವರ್ಷ ಕಲಿಯುವ ಯುವಕ. ಇಂಗ್ಲೆಂಡಿನಲ್ಲಾದರೋ ಪದವಿ ಮಟ್ಟದ ಅಪ್ರೆಂಟಿಸ್‌ಶಿಪ್ ಕೂಡ ಇದೆ, ಈಗಾಗಲೇ ಕೆಲಸದಲ್ಲಿರುವ ಹಿರಿಯರೂ ಸೇರಬಹುದು. ‘ಅರ್ಧಕ್ಕೆ ಬಿಟ್ಟವರು’ ಎಂಬುದೂ ಹೀಗೆಯೇ. ಒಪ್ಪಂದ ಮುರಿದುಕೊಂಡವನು ಮರುತಿಂಗಳು ಇನ್ನೊಂದು ಕಂಪನಿ ಸೇರಿರಬಹುದು. ಅವನನ್ನೂ ಲೆಕ್ಕಕ್ಕೆ ಹಿಡಿದರೆ ನಿಮ್ಮ ಶೇಕಡಾವಾರು ಬೇರೆ ಯಾರದಕ್ಕೂ ತಾಳೆಯಾಗದು. ನಮ್ಮ ಭಾಷೆಯಲ್ಲೇ ನೋಡಿ, ‘ವೃತ್ತಿಪರ ಕೋರ್ಸು’ ಎಂದರೆ ವೆಲ್ಡಿಂಗ್ ನೆನಪಾಗುವುದಿಲ್ಲ.

ಅದಕ್ಕೇ ಎರಡನೇ ಸ್ಲೈಡನ್ನು ವ್ಯವಸ್ಥೆಗೆಂದೇ ಮೀಸಲಿಡಿ: ಸೇರುವ ವಯಸ್ಸು, ಅವಧಿ, ವಾರದಲ್ಲಿ ಎಷ್ಟು ದಿನ ಕೆಲಸದ ಜಾಗದಲ್ಲಿ, ಭತ್ಯೆ ಕೊಡುವವರು ಯಾರು, ಪರೀಕ್ಷೆ ಮಾಡುವವರು ಯಾರು. ಜೊತೆಗೆ ಶಿಕ್ಷಣದ ಹಂತಗಳನ್ನು ದೇಶ ದೇಶಗಳ ನಡುವೆ ಹೋಲಿಸಲೆಂದು ಇರುವ ಯುನೆಸ್ಕೋದ ವರ್ಗೀಕರಣ, ಐಎಸ್‌ಸಿಇಡಿ 2011ರ ಸಂಕೇತ ಹಾಕಿ. ಹಿರಿಯ ಪ್ರೌಢ ಹಂತದ ವೃತ್ತಿ ಶಿಕ್ಷಣಕ್ಕೆ 35, ಅದರ ನಂತರದ್ದಾದರೂ ಉನ್ನತ ಶಿಕ್ಷಣವಲ್ಲದ್ದಕ್ಕೆ 45, ಅಲ್ಪಾವಧಿಯ ಉನ್ನತ ಶಿಕ್ಷಣಕ್ಕೆ 55. ಹತ್ತು ನಿಮಿಷದ ವಿವರಣೆ ಎರಡಂಕಿಯಲ್ಲಿ ಮುಗಿಯುತ್ತದೆ.

20 ನಿಮಿಷ ಸಿಕ್ಕರೆ 12 ಸ್ಲೈಡು ಸಾಕು. ವ್ಯವಸ್ಥೆಗೆ 2 ನಿಮಿಷ ಕೊಟ್ಟು, ಫಲಿತಾಂಶಕ್ಕೆ ಕನಿಷ್ಠ 8 ನಿಮಿಷ ಉಳಿಸಿಕೊಳ್ಳಿ. ಹೊಸಬರು ಹಿನ್ನೆಲೆಯಲ್ಲೇ ಮುಳುಗಿ, ಅಧ್ಯಕ್ಷರು ಚೀಟಿ ತೋರಿಸುವ ಹೊತ್ತಿಗೆ ಮುಖ್ಯ ಕೋಷ್ಟಕವನ್ನು ಓಡಿಸಿಬಿಡುತ್ತಾರೆ. ವರ್ಕ್‌ಶಾಪಿನ ಚಿತ್ರ ಹಾಕುವುದಾದರೆ ಕಲಿಯುವವರ ಒಪ್ಪಿಗೆಯೂ ಬೇಕು, ಕಂಪನಿಯದೂ ಬೇಕು. ಯಂತ್ರದ ಮೇಲಿನ ಹೆಸರಿನಿಂದಲೇ ‘ಅನಾಮಧೇಯ’ ಕಂಪನಿ ಬಯಲಾಗುವುದುಂಟು.

ಸಮಾಂತರ ಗೋಷ್ಠಿಗಳ ನಡುವೆ ಕೊಠಡಿ ಬದಲಿಸುತ್ತಾ ಓಡಾಡಬೇಡಿ, ಪೂರ್ತಿ ಗೋಷ್ಠಿ ಕೂತು ಕೇಳಿ. ಒಂದೇ ಕಸುಬನ್ನು ಎರಡು ದೇಶಗಳು ಕಲಿಸುವ ರೀತಿಯ ವ್ಯತ್ಯಾಸ ಹೊಳೆಯುವುದು ಪ್ರಬಂಧಗಳನ್ನು ಅಕ್ಕಪಕ್ಕ ಕೇಳಿದಾಗ. ನಿಮಗೆ ಬಂದ ಪ್ರಶ್ನೆಗಳನ್ನು ಅದೇ ಸಂಜೆ ಬರೆದಿಡಿ, ಪ್ರಬಂಧ ತಿದ್ದುವಾಗ ಬೇಕಾಗುವುದು ಅವೇ.